ಅಮರಪ್ಪ ಗೌಂಡಿಯ ಉರಿಗಾಳಿ

ಇಟ್ಟಿಗೆಯ ಗುಮ್ಮಟ ಕಟ್ಟಿ ಮುಗಿಸಿದ ಮೇಲೆ ಅಮರಪ್ಪ ಗೌಂಡಿ ಅದರೊಳಗೆ ಇಳಿಯುತ್ತಿದ್ದ. ಇಳಿಯುವ ಬಾಯಿಗೆ ಗೋಣಿಚೀಲ ಮುಚ್ಚಿಸಿಕೊಂಡು ಕತ್ತಲಲ್ಲಿ ಕುಕ್ಕರಗಾಲಿನಲ್ಲಿ ಒಬ್ಬನೇ ಕುಳಿತುಬಿಡುತ್ತಿದ್ದ. ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ಹೊರಗೆ ನೆತ್ತಿ ಸುಡುವ ಬಿಸಿಲು. ಮನೆಯವರು, ಸಿಮೆಂಟ್ ಕಲಸುವ ಹೆಣ್ಣಾಳುಗಳು, ಕೈಯಲ್ಲಿ ಫೈಲು ಹಿಡಿದ ನಾನು, ಎಲ್ಲರೂ ಗುಂಡಿಯ ಸುತ್ತ ನಿಂತು ಕಾಯಬೇಕು.

"ಯಣ್ಣಾ, ಏನು ಮಾಡಾಕತ್ತೀ ಒಳಗ?" ಎಂದು ನಾನು ಕೂಗಿದರೆ ಗುಮ್ಮಟದೊಳಗಿಂದ ದನಿ ಬರುತ್ತಿತ್ತು: "ಬೆಳಕು ಹುಡುಕಾಕತ್ತೀನಿ ಸರ. ಸಿಗಬಾರದು ಅಂತ ಬೇಡ್ಕೋರಿ."

ಬಿಸಿಲಿನ ಒಂದು ಎಳೆ ಒಳಗೆ ಕಂಡರೂ ಆ ಸಂದಿನಿಂದ ಗ್ಯಾಸು ಹೊರಗೆ ಹೋಗುತ್ತದೆ ಎಂಬುದು ಅವನ ಲೆಕ್ಕ. ಎಳೆ ಕಾಣದಿದ್ದರೆ ಹೊರಗೆ ಬಂದು "ಆತು" ಎನ್ನುತ್ತಿದ್ದ. ಕಂಡರೆ ಸುತ್ತಿಗೆ ಕೇಳುತ್ತಿದ್ದ. ಅವನು ಸುತ್ತಿಗೆ ಕೇಳಿದನೆಂದರೆ ಹತ್ತು ದಿನದ ಕೆಲಸ ಅಲ್ಲಿಗೆ ನೆಲಸಮ.

ಅಮರಪ್ಪನ ನೆನಪಾದರೆ ಈಗಲೂ ನನಗೆ ಮೊದಲು ಬರುವುದು ಸಿಟ್ಟು. ಆಗೆಲ್ಲ ಆ ಸಿಟ್ಟು ಅವನ ಮೇಲಿತ್ತು. ಈಗ ಯಾರ ಮೇಲೆ ಎಂಬುದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು ಮಾನ್ವಿಯವನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ನೌಕರಿ ಸಿಗದೆ, ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಕಟ್ಟಿಸುವ ಒಂದು ಸಂಸ್ಥೆಯಲ್ಲಿ ಮೇಲ್ವಿಚಾರಕನಾಗಿ ಸೇರಿಕೊಂಡೆ. ಸೆಗಣಿಯನ್ನು ನೀರಿನಲ್ಲಿ ಕಲಸಿ, ಗಾಳಿಯಾಡದ ಗುಂಡಿಯಲ್ಲಿ ಕೊಳೆಯಲು ಬಿಟ್ಟರೆ ಮೀಥೇನ್ ಹುಟ್ಟುತ್ತದೆ. ಅದು ಗುಮ್ಮಟದಡಿ ಸೇರಿಕೊಂಡು ಪೈಪಿನಲ್ಲಿ ಅಡುಗೆಮನೆಗೆ ಬರುತ್ತದೆ. ಇದಿಷ್ಟು ನನಗೆ ಗೊತ್ತಿತ್ತು. ಒಂದು ಇಂಗಾಲ, ಅದರ ಸುತ್ತ ನಾಲ್ಕು ಜಲಜನಕ; ಬಣ್ಣವಿಲ್ಲ, ವಾಸನೆಯಿಲ್ಲ; ಉರಿದರೆ ನೀಲಿ. ಗುಂಡಿ ತೋಡುವುದು, ಇಟ್ಟಿಗೆ ಹೊಂದಿಸುವುದು ಗೊತ್ತಿರಲಿಲ್ಲ. ಅದಕ್ಕೆ ಅರಕೇರಾದ ಅಮರಪ್ಪ ಇದ್ದ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಸಣಕಲು ಆಳು, ಸಿಮೆಂಟಿನಿಂದ ಬೆರಳ ತುದಿಗಳೆಲ್ಲ ನುಣ್ಣಗಾಗಿ ಗೆರೆ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಮಷೀನು ಅವನ ಹೆಬ್ಬೆಟ್ಟನ್ನು ಒಂದು ಸಲವೂ ಒಪ್ಪುತ್ತಿರಲಿಲ್ಲ. "ಮಷೀನಿನ ಪ್ರಕಾರ ನಾ ಇನ್ನಾ ಹುಟ್ಟಿಲ್ರಿ" ಎಂದು ನಗುತ್ತಿದ್ದ.

ಮೀಥೇನ್ ಎಂಬ ಹೆಸರು ಅವನ ನಾಲಿಗೆಗೆ ಹಿಡಿಸಲಿಲ್ಲ. ಅವನಿಗೆ ಅದು 'ಉರಿಗಾಳಿ'. ಮೊದಲ ವಾರ ಮಾನ್ವಿ ಹತ್ತಿರದ ಕಾಲುವೆ ಹಳ್ಳಿಯೊಂದರಲ್ಲಿ ಕೆಲಸ ನಡೆದಿತ್ತು. ಊಟದ ಹೊತ್ತಿಗೆ, ಓದಿದ್ದನ್ನು ತೋರಿಸುವ ಚಪಲದಿಂದ ನಾನು ಅವನಿಗೆ ಈ ಗಾಳಿ ಪತ್ತೆಯಾದ ಕಥೆ ಹೇಳಿದೆ. ಇನ್ನೂರು ವರ್ಷಕ್ಕೂ ಹಿಂದೆ ಇಟಲಿ ದೇಶದ ಒಬ್ಬ ವಿಜ್ಞಾನಿ ಕೆರೆಯ ದಂಡೆಯಲ್ಲಿ ಕೆಸರಿನಿಂದ ಗುಳ್ಳೆ ಏಳುವುದನ್ನು ಕಂಡ, ಕೋಲಿನಿಂದ ಕೆಸರು ಕೆದಕಿದ, ನೀರು ತುಂಬಿದ ಸೀಸೆಯನ್ನು ಬೋರಲು ಹಿಡಿದು ಗುಳ್ಳೆಗಳನ್ನು ಅದರೊಳಗೆ ಹಿಡಿದ, ಬೆಂಕಿ ತೋರಿಸಿದ, ಹತ್ತಿಕೊಂಡಿತು.

ಅಮರಪ್ಪ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಎದ್ದ. ನೀರಿನ ಪ್ಲಾಸ್ಟಿಕ್ ಬಾಟಲಿ, ಡೀಸೆಲ್ ಸುರಿಯುವ ಲಾಳಿಕೆ, ಒಂದು ತೊಗರಿ ಕಟ್ಟಿಗೆ ಹಿಡಿದು ಪಕ್ಕದ ನೆಲ್ಲಿನ ಗದ್ದೆಗೆ ಇಳಿದ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕೆದಕಿದ. ಬಳಬಳನೆ ಗುಳ್ಳೆ ಎದ್ದವು. ಬಾಟಲಿ ಅರ್ಧ ಖಾಲಿಯಾಗುವಷ್ಟು ಗಾಳಿ ಹಿಡಿದು, ಬೆರಳಿನಿಂದ ಬಾಯಿ ಮುಚ್ಚಿ ತಂದು, "ಕಡ್ಡಿ ಗೀರ್ರಿ ಸರ" ಎಂದ. ಗೀರಿದೆ. ಬಾಟಲಿಯ ಬಾಯಲ್ಲಿ ಬಿಸಿಲಿಗೆ ಕಂಡೂ ಕಾಣದಂಥ ನೀಲಿ ಉರಿಯೊಂದು 'ಬುಸ್' ಎಂದು ಬಂದು ಹೋಯಿತು. ಎಂ.ಎಸ್ಸಿ. ಮಾಡಿದ ನಾನು ಮೀಥೇನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

"ಇಟಲಿಯಾವ ಶಾಣ್ಯಾ ಇದ್ದ ಬಿಡ್ರಿ" ಎಂದು ಅಮರಪ್ಪ ಕಾಲು ತೊಳೆದುಕೊಂಡು ಮತ್ತೆ ರೊಟ್ಟಿಗೆ ಕುಳಿತ.

ಅಂದಿನಿಂದ ಇಟಲಿಯವನು ನಮ್ಮ ಜೊತೆ ಊರೂರು ತಿರುಗಿದ. ಯಾರ ಮನೆಯಲ್ಲಿ ಪಾಯ ತೋಡಿದರೂ ಅಮರಪ್ಪ ಈ ಕಥೆ ಹೇಳಲೇಬೇಕು, ಹೇಳಿದಾಗಲೆಲ್ಲ ಒಂದಿಷ್ಟು ಕೂಡಿಸಲೇಬೇಕು. ಎರಡನೆಯ ಊರಿಗೆ ಇಟಲಿಯವನಿಗೆ ಒಂದು ಎಮ್ಮೆ ಬಂತು. ನಾಲ್ಕನೆಯ ಊರಿಗೆ ಬೈಯುವ ಹೆಂಡತಿ ಬಂದಳು. ಕವಿತಾಳ ಮುಟ್ಟುವ ಹೊತ್ತಿಗೆ ಅವನು ಕೆರೆಗೆ ಹೋದದ್ದೇ ಹೆಂಡತಿ ಹೊಗೆಯಲ್ಲಿ ಕೆಮ್ಮುವುದನ್ನು ನೋಡಲಾರದೆ ಎಂದಾಗಿತ್ತು. "ಅವನು ಒಲೆಗಾಗಿ ಹುಡುಕಿದ್ದಲ್ಲ ಯಣ್ಣಾ, ಸುಮ್ಮನೆ ಕುತೂಹಲಕ್ಕೆ" ಎಂದು ನಾನು ತಿದ್ದಿದರೆ, "ಸುಮ್ಮನ ಯಾರ ಕೆಸರಿಗೆ ಇಳೀತಾರ ಸರ?" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಅವನೊಂದಿಗೆ ವಾದ ಮಾಡುವುದೆಂದರೆ ಬಂಡೆಗೆ ತಲೆ ಚಚ್ಚಿಕೊಂಡಂತೆ.

ಕವಿತಾಳದ ಪಕ್ಕದ ಹಟ್ಟಿಯಲ್ಲಿ ಬೀರಪ್ಪ ಎಂಬ ಕುರಿಗಾರನ ಮನೆಗೆ ಕಟ್ಟುತ್ತಿದ್ದೆವು. ದನ ಇಲ್ಲ, ಕುರಿ ಇನ್ನೂರು. ಕುರಿ ಹಿಕ್ಕೆಯಿಂದ ಒಳ್ಳೆಯ ಗ್ಯಾಸು ಬರುತ್ತದೆ ಎಂದು ಪುಸ್ತಕದಲ್ಲಿತ್ತು; ಹಾಕಿಸಿಬಿಡೋಣ ಎಂದು ಅಮರಪ್ಪನಿಗೆ ಹೇಳಿದೆ.

"ಹಿಕ್ಕಿ ತೇಲ್ತಾವ್ರಿ."

"ಪುಸ್ತಕದಾಗ ಬರದದ ಯಣ್ಣಾ."

"ಪುಸ್ತಕ ಬರದಾವ ಕುರಿ ಕಾದಾನೇನ್ರಿ?"

ನಾನು ಹಟ ಹಿಡಿದು ಬುಟ್ಟಿಗಟ್ಟಲೆ ಸುರಿಸಿದೆ. ಬೀರಪ್ಪ ಅಯ್ಯನವರನ್ನು ಕೇಳಿ ದಿನ ಗೊತ್ತುಮಾಡಿಸಿ, ಹಟ್ಟಿಯವರಿಗೆಲ್ಲ ಹುಗ್ಗಿ ಮಾಡಿಸಿ, ಹೊಸ ಒಲೆಗೆ ಹೂವೇರಿಸಿ ಕಾಕ್ ತಿರುಗಿಸಿದ. ಏನೂ ಬರಲಿಲ್ಲ. ಹಿಕ್ಕೆ ಒಂದೂ ಕರಗದೆ ಮೇಲೆ ತೇಲಿ ಗೇಣು ದಪ್ಪದ ಹೆಪ್ಪುಗಟ್ಟಿತ್ತು. ಗ್ಯಾಸಿಗೆ ದಾರಿಯೇ ಇರಲಿಲ್ಲ. ಹುಗ್ಗಿ ಉಂಡವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅಮರಪ್ಪ ನನ್ನನ್ನು ಬಿಟ್ಟುಕೊಡಲಿಲ್ಲ. "ಗಾಳಿ ಇನ್ನಾ ಎಳೇದು ಅದ, ಹದಿನೈದು ದಿನ ತಡೀರಿ" ಎಂದು ಎಲ್ಲರನ್ನೂ ಕಳಿಸಿದ. ಆಮೇಲೆ ಬಿದಿರು ಗಳದಿಂದ ಆ ಹೆಪ್ಪನ್ನು ಒಡೆದ. ಹೊಸ ಹಿಕ್ಕೆಯನ್ನು ಒಂದು ದಿನ ನೆನೆಹಾಕಿ, ಮಣ್ಣು ತುಳಿದಂತೆ ಕಾಲಿನಿಂದ ತುಳಿದು ಗುಂಡಿಗೆ ಬಿಡುವುದನ್ನು ಮನೆಯವರಿಗೆ ಕಲಿಸಿದ. ನನಗೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ಒಲೆ ಹತ್ತಿತು. ಬೀರಪ್ಪನ ಹೆಂಡತಿ ತಣ್ಣೀರಿನ ಬೋಗುಣಿ ಇಟ್ಟಳು. ಒಂದು ಗಳಿಗೆಗೆ "ಹೊಸ ಬೋಗುಣಿ ಸೋರಾಕತ್ತದಲ್ಲಪ್ಪೋ!" ಎಂದು ಕೂಗಿಕೊಂಡಳು. ನಿಜ, ತಳದಲ್ಲಿ ಹನಿಗಳಿದ್ದವು. ಅಮರಪ್ಪ ಬೋಗುಣಿ ಖಾಲಿ ಮಾಡಿಸಿ, ಬಿಸಿಲಿಗೆ ಹಿಡಿದು ನೋಡಿದ, ತೂತಿರಲಿಲ್ಲ. ಒರೆಸಿ, ತಣ್ಣೀರು ತುಂಬಿ ಮತ್ತೆ ಇಟ್ಟ; ಮತ್ತೆ ಹನಿ. ನನ್ನ ಕಡೆ ತಿರುಗಿದ.

ಆ ನಾಲ್ಕು ಜಲಜನಕಗಳು ಉರಿಯುವಾಗ ಗಾಳಿಯ ಆಮ್ಲಜನಕದ ಜೊತೆ ಕೂಡಿ ನೀರಾಗುತ್ತವೆ, ಆವಿ ತಣ್ಣನೆಯ ತಳಕ್ಕೆ ತಾಗಿ ಹನಿಯಾಗುತ್ತದೆ ಎಂದು ವಿವರಿಸಿದೆ.

"ಅಂದ್ರ ಬೆಂಕಿ ನೀರು ಹಡೀತದ!" ಎಂದ ಅಮರಪ್ಪ. ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ಯಾವತ್ತೂ ಕಂಡಿರಲಿಲ್ಲ. "ಇಂಥಾದ್ದು ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ರೇನ್ರಿ ಸರ?"

ನಾನು ಆ ಸಮೀಕರಣವನ್ನು ಎಷ್ಟೋ ಪರೀಕ್ಷೆಗಳಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಪಾತ್ರೆಯ ತಳ ತಿರುಗಿಸಿ ನೋಡಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಆ ವರ್ಷದ ಕೊನೆಯ ಗುಮ್ಮಟ ಅರಕೇರಾದಲ್ಲಿ, ಅವನ ತಂಗಿ ಹುಲಿಗೆಮ್ಮನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಆಕೆ ಎರಡು ಎಮ್ಮೆ ಸಾಕಿಕೊಂಡು, ಮೊಸರು ಮಾರಿಕೊಂಡು ಇದ್ದರು. ಹತ್ತಿಕಟ್ಟಿಗೆಯ ಹೊಗೆಯಲ್ಲಿ ಅಡುಗೆ ಮಾಡಿ ಮಾಡಿ ಎದೆ ಹಿಡಿದುಕೊಂಡು, ಒಂದು ಮಾತಿಗೆ ಎರಡು ಸಲ ಕೆಮ್ಮುವಷ್ಟಾಗಿತ್ತು. ಹೊಗೆಯಿಂದ ದೂರ ಇರಬೇಕು ಎಂದು ದೇವದುರ್ಗದ ಡಾಕ್ಟರು ಹೇಳಿದ್ದರಂತೆ. ಇಟಲಿಯವನ ಹೆಂಡತಿಗೆ ಆ ಕೆಮ್ಮು ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು. ಊರಿಗೆಲ್ಲ ಒಲೆ ಹಚ್ಚಿಸಿದ ಅಣ್ಣ ತನ್ನ ಮನೆಯವರ ಹೆಸರು ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಬರೆಸಿದ್ದ. ಅದು ಅವನ ರೀತಿ. ಆ ರೀತಿಗೆ ನನಗೆ ಇಂದಿಗೂ ಕ್ಷಮೆಯಿಲ್ಲ.

ಮಾರ್ಚ್ ಮುಗಿಯಲು ಆರು ದಿನ ಇತ್ತು. ಅಷ್ಟರೊಳಗೆ ಗುರಿ ಮುಟ್ಟಬೇಕು, ಉರಿಯುವ ಒಲೆಯ ಫೋಟೊ ಬೇಕು, ಹಣ ಕೊಡುವ ಕಚೇರಿಯ ಸಾಹೇಬರು ಬಂದು ನೋಡಬೇಕು. ಅಮರಪ್ಪ ಒಳಗಿಳಿದು ಕುಳಿತ. ಹೊರಗೆ ಬಂದವನು ಸುತ್ತಿಗೆ ಕೇಳಿದ.

"ಎಷ್ಟದ?" ಎಂದೆ.

"ಜ್ವಾಳದ ಕಾಳಿನಷ್ಟು. ಪೈಪು ಏಳೋ ಕುತ್ತಿಗಿ ಹತ್ರ."

"ಒಳಗಿಂದ ಸಿಮೆಂಟ್ ಹಚ್ಚಿಬಿಡು ಯಣ್ಣಾ."

"ಹಚ್ಚಿದ್ರ ನಮಗ ಕಾಣಂಗಿಲ್ಲ, ಅಷ್ಟರಿ. ಗಾಳಿಗೆ ಕಣ್ಣಾಗ ನೋಡಿ ಹೋಗೋ ಚಟ ಇಲ್ಲ. ಬಿಚ್ಚಿ ಕಟ್ಟಬೇಕು. ಹತ್ತು ದಿನ ಕೊಡ್ರಿ."

ಹತ್ತು ದಿನ! ನಾನು ಬೇಡಿಕೊಂಡೆ, ಕೂಗಾಡಿದೆ. ಅವನು ಸುತ್ತಿಗೆ ಕೆಳಗಿಡಲಿಲ್ಲ. ಆಗ ನಾನು ಮಾಡಬಾರದ್ದು ಮಾಡಿದೆ. ಮಾನ್ವಿಯಲ್ಲಿ ಒಂದು ಒಲೆ ಕೆಟ್ಟಿದೆ, ಹೋಗಿ ನೋಡಿ ಬಾ ಎಂದು ಸುಳ್ಳು ಹೇಳಿ ಅವನನ್ನು ಬಸ್ಸು ಹತ್ತಿಸಿದೆ. ದೇವದುರ್ಗದಿಂದ ಬೇರೆ ಗೌಂಡಿಯನ್ನು ಕರೆಸಿ, ಸಂದಿಗೆ ಸಿಮೆಂಟ್ ಮೆತ್ತಿಸಿ, ಮೇಲೆ ಮಣ್ಣು ಮುಚ್ಚಿಸಿಬಿಟ್ಟೆ.

ಮರುದಿನ ಬಂದ ಅಮರಪ್ಪ ಮಣ್ಣಿನ ದಿಬ್ಬವನ್ನೇ ನೋಡುತ್ತ ನಿಂತ.

"ಯಾರು ಮುಚ್ಚಿದ್ದು?"

"ನಾನ ಮುಚ್ಚಿಸೀನಿ."

"ಸರ," ಎಂದ, "ಇದು ನನ್ನ ತಂಗಿ ಮನಿ."

ಅಷ್ಟೇ ಹೇಳಿ, ಹೆಗಲ ಮೇಲಿದ್ದ ಚೀಲವನ್ನು ಕೆಳಗಿಟ್ಟು, ಎಮ್ಮೆಗಳಿಗೆ ನೀರು ತೋರಿಸಲು ಹೋದ.

ಸಾಹೇಬರು ಬಂದರು. ಸೆಗಣಿ ತುಂಬಿ ಮೂರು ದಿನವಾಗಿತ್ತು. ಗ್ಯಾಸು ಬರುವ ಮಾತೇ ಇರಲಿಲ್ಲ. ಆದರೆ ನಮ್ಮಲ್ಲಿ ಹೊಸ ಒಲೆಗೆ ಪೂಜೆ ಮಾಡದೆ ಬಿಡುವುದುಂಟೇ? ಹುಲಿಗೆಮ್ಮ ಅರಿಶಿನ ಕುಂಕುಮ ಹಚ್ಚಿ, ಬರ್ನರಿನ ನಡುವೆ ಒಂದು ಕರ್ಪೂರದ ಬಿಲ್ಲೆ ಇಟ್ಟು ಹಚ್ಚಿದರು. ಫೋಟೊದವನು ಆ ಉರಿಯನ್ನೇ ಹಿಡಿದ. ಸಾಹೇಬರು "ವ್ಹಾ, ಚೆನ್ನಾಗಿ ಉರಿಯುತ್ತಿದೆ" ಎಂದರು. ಹಳದಿ ಉರಿ, ಮೇಲೆ ಕರಿ ಹೊಗೆ. ಹತ್ತನೇ ಇಯತ್ತೆಯ ಹುಡುಗರಿಗೂ ಅದು ಮೀಥೇನ್ ಅಲ್ಲ ಎಂದು ಗೊತ್ತಾಗಬೇಕು. ನನಗೆ ಗೊತ್ತಿತ್ತು. ಫೋಟೊ ಅಂಟಿಸಿದ ಕಾಗದದ ಮೇಲೆ 'ಘಟಕ ಚಾಲ್ತಿಯಲ್ಲಿದೆ' ಎಂದು ಬರೆದು ಸಹಿ ಮಾಡಿದೆ. ಮುಂದೆ ಹೇಗಿದ್ದರೂ ಉರಿಯುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಉರಿಯಲಿಲ್ಲ. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಮೊದಲ ಮಳೆ ಬಿದ್ದ ಮರುದಿನ ಅಮರಪ್ಪ ಫೋನ್ ಮಾಡಿ, ಬಂದು ನೋಡಿ ಹೋಗ್ರಿ ಎಂದ. ಹೋದೆ. ಗುಮ್ಮಟದ ಮೇಲಿನ ಹಸಿ ಮಣ್ಣಿನಲ್ಲಿ, ಕುತ್ತಿಗೆಯ ಹತ್ತಿರ, ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಅವನು ಕಡ್ಡಿ ಗೀರಿ ಹಿಡಿದ. ಅಂಗಳದ ನೆಲದ ಮೇಲೆ ಬೆರಳೆತ್ತರದ ನೀಲಿ ಉರಿ ನಿಂತುಕೊಂಡಿತು. ಅಡುಗೆಮನೆಯಿಂದ ಹತ್ತಿಕಟ್ಟಿಗೆಯ ಹೊಗೆ, ಹುಲಿಗೆಮ್ಮನ ಕೆಮ್ಮು.

"ಅಂಗಳದಾಗ ಉರೀತದ, ಒಲ್ಯಾಗ ಉರಿಯಂಗಿಲ್ಲ. ಇಂಥಾ ಗ್ಯಾಸು ಇಟಲಿಯಾವನೂ ನೋಡಿರ್ಲಿಕ್ಕಿಲ್ಲ ಸರ" ಎಂದ ಅಮರಪ್ಪ. ನಗಲಿಲ್ಲ. ಚಪ್ಪಲಿಯಿಂದ ಉರಿಯನ್ನು ತುಳಿದು ಆರಿಸಿದ.

ಬಿಚ್ಚಿ ಕಟ್ಟಲು ಅವನ ಕೈ ಪುಕ್ಕಟೆ ಇತ್ತು. ಇಟ್ಟಿಗೆ ಸಿಮೆಂಟು ಬೇಕಿತ್ತು. ಕೆಟ್ಟ ಘಟಕಗಳಿಗೆ ಕೊಡುತ್ತೇವೆ, ಇದು ಚಾಲ್ತಿಯಲ್ಲಿದೆಯಲ್ಲ ಎಂದರು ಕಚೇರಿಯವರು. ಮುಂದೆ ಊರವರಿಗೆ ಸಿಲಿಂಡರು ಬಂದಾಗಲೂ, ನಿಮ್ಮದು ಆಗಲೇ ಗ್ಯಾಸ್ ಇರುವ ಮನೆ ಎಂದು ಹುಲಿಗೆಮ್ಮನ ಹೆಸರನ್ನು ಪಕ್ಕಕ್ಕಿಟ್ಟರು. ಎಲ್ಲದಕ್ಕೂ ಆಧಾರ ಆ ಕರ್ಪೂರದ ಫೋಟೊ ಮತ್ತು ಅದರ ಕೆಳಗಿನ ಸಹಿ. ಸಹಿ ಮಾಡಿದವನೇ 'ಇದು ನಡೆಯುತ್ತಿಲ್ಲ' ಎಂದು ಬರೆದುಕೊಟ್ಟರೆ ಆಗುತ್ತದೆ ಎಂದು ಗುಮಾಸ್ತನೊಬ್ಬ ಅಮರಪ್ಪನಿಗೆ ದಾರಿ ತೋರಿಸಿದ.

ಅಷ್ಟೊತ್ತಿಗೆ ನಾನು ರಾಯಚೂರಿಗೆ ಬಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸರ್ಕಾರಿ ನೌಕರಿಗೆ ಅರ್ಜಿ ಹಾಕಿ ಕಾಯುತ್ತಿದ್ದೆ. ಸುಳ್ಳು ಸಹಿ ಮಾಡಿದ್ದೆನೆಂದು ಕೈಯಾರೆ ಬರೆದುಕೊಟ್ಟರೆ ನಾಳೆ ಅದನ್ನು ಯಾರು ಯಾರ ಮುಂದೆ ಹಿಡಿಯುತ್ತಾರೋ ಎಂಬ ಹೆದರಿಕೆ. ಅಮರಪ್ಪ ಬಂದಾಗಲೆಲ್ಲ ಚಹ ಕುಡಿಸುತ್ತಿದ್ದೆ. "ಮುಂದಿನ ವಾರ ನೋಡೂಣು ಯಣ್ಣಾ" ಎನ್ನುತ್ತಿದ್ದೆ. "ಆತ್ರಿ" ಎಂದು ಅವನು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದ. ಒಂದು ಸಲವೂ ಜಗಳ ಮಾಡಲಿಲ್ಲ, ಒಂದು ಸಲವೂ ಹಳೆಯದನ್ನು ಎತ್ತಿ ಆಡಲಿಲ್ಲ. ಗುಮ್ಮಟದ ಮುಂದೆ ಅಷ್ಟು ಹಟ ಹಿಡಿಯುತ್ತಿದ್ದ ಮನುಷ್ಯ ನನ್ನ ಮುಂದೆ ಯಾಕೆ ಹಟ ಹಿಡಿಯಲಿಲ್ಲ ಎಂದು ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

ಕೊನೆಯ ಸಲ ಅವನು ಬಂದಾಗ ನಾನು ಪ್ರಯೋಗಾಲಯದಲ್ಲಿದ್ದೆ. ಅಂದು ಮೀಥೇನ್ ಪಾಠ. ಬಾಗಿಲಲ್ಲಿ ನಿಂತಿದ್ದವನನ್ನು ಒಳಗೆ ಕರೆದು, "ಇವರು ನನ್ನ ಗುರುಗಳು" ಎಂದು ಮಕ್ಕಳಿಗೆ ಹೇಳಿದೆ. ಹೊಗಳಿ ಋಣ ತೀರಿಸುವ ಕಳ್ಳಬುದ್ಧಿ ನನ್ನದು. ಅವನು ನಾಚಿಕೊಂಡು, ಆಮೇಲೆ ಬಿಗಿ ಬಿಟ್ಟು, ಇಟಲಿಯವನ ಕಥೆಯನ್ನು ಎಮ್ಮೆ, ಹೆಂಡತಿ ಸಮೇತ ಹೇಳಿದ. ಬರ್ನರ್ ಹಚ್ಚಿ, ತಣ್ಣೀರಿನ ಗಾಜಿನ ಪಾತ್ರೆಯನ್ನು ಅದರ ಮೇಲೆ ಹಿಡಿದು, "ನೋಡ್ರಿ ತಮ್ಮಗಳಿರಾ, ಬೆಂಕಿ ನೀರು ಹಡೀತದ" ಎಂದ. ಮಕ್ಕಳು ಮುಗಿಬಿದ್ದು ಹನಿ ನೋಡಿದರು, ಚಪ್ಪಾಳೆ ತಟ್ಟಿದರು. ನನ್ನ ಪಾಠಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ಕೇಳಿದ: "ಸರ, ಆ ಕಾಗದ?"

"ಮುಂದಿನ ವಾರ ಯಣ್ಣಾ. ಖರೇನ."

"ಮುಂದಿನ ವಾರ ಕರಿಗಡ್ಲಿ ರಾಶಿ ಅದ. ಅದರ ಮುಂದಿನ ವಾರ ಬರ್ತೀನ್ರಿ."

ಬರಲಿಲ್ಲ. ನಾಲ್ಕು ದಿನ ಜ್ವರ ಬಂದು, ದೇವದುರ್ಗದ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟ ಎಂದು ಕವಿತಾಳದ ಬೀರಪ್ಪ ಫೋನಿನಲ್ಲಿ ಹೇಳಿದ. ಮಣ್ಣು ಮಾಡಿ ಆಗಲೇ ಒಂಬತ್ತು ದಿನವಾಗಿತ್ತು.

ಫೋನ್ ಇಟ್ಟು, ಸ್ಟಾಫ್ ರೂಮಿನಲ್ಲಿಯೇ ಕುಳಿತು ಕಾಗದ ಬರೆದೆ. ಹತ್ತು ನಿಮಿಷ ಹಿಡಿಯಿತು. ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು ಅರಕೇರಾಕ್ಕೆ ಹೋದೆ. ದಾರಿಯುದ್ದಕ್ಕೂ ಅಮರಪ್ಪನನ್ನೇ ಬೈಯುತ್ತಿದ್ದೆ: ನಾಲ್ಕು ದಿನ ಯಾಕೆ ಮನೆಯಲ್ಲಿ ಮಲಗಿದೆ, ನನಗೆ ಯಾಕೆ ಫೋನ್ ಮಾಡಲಿಲ್ಲ, ನನ್ನ ಕೊರಳಪಟ್ಟಿ ಹಿಡಿದು ಯಾಕೆ ಬರೆಸಿಕೊಳ್ಳಲಿಲ್ಲ.

ಹುಲಿಗೆಮ್ಮ ಒಲೆಯ ಮುಂದಿನಿಂದ ಎದ್ದು ಬಂದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಹೊಗೆಗೋ, ಅಣ್ಣನಿಗೋ ತಿಳಿಯಲಿಲ್ಲ. ಕಾಗದ ಕೊಟ್ಟೆ.

"ನನಗ ಓದಾಕ ಬರಂಗಿಲ್ರಿ. ಏನು ಬರದೀರಿ?"

ಓದಿದೆ: "ಅರಕೇರಾದ ಹುಲಿಗೆಮ್ಮ ಅವರ ಮನೆಯ ಗ್ಯಾಸ್ ಘಟಕ ಒಂದು ದಿನವೂ ಕೆಲಸ ಮಾಡಿಲ್ಲ. ಕೆಲಸ ಮಾಡುತ್ತಿದೆ ಎಂದು ಸುಳ್ಳು ಸಹಿ ಮಾಡಿದವನು ನಾನು."

ಆಕೆ ಕಾಗದವನ್ನು ಇಸಿದುಕೊಂಡು, ತಿರುಗಿಸಿ ಹಿಂದಿನ ಮಗ್ಗುಲು ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಮುಗೀತೇನ್ರಿ?"

"ಮುಗೀತು ಯವ್ವಾ."

"ನಮ್ಮಣ್ಣ ಏಳು ಸಲ ರಾಯಚೂರಿಗೆ ಬಂದಿದ್ದ ನೋಡ್ರಿ," ಎಂದರು ಹುಲಿಗೆಮ್ಮ. "ನಾ ಏನೋ ಭಾಳ ದೊಡ್ಡ ಬರಹ ಅಂದ್ಕೊಂಡಿದ್ದೆ."